ಇಬ್ಬರು ಹೆಂಗಸರು, ಒಂದೇ ಕಿಟಕಿ

ಹೆಂಗಸರು ಶಿಳ್ಳೆ ಹಾಕಬಾರದು ಅನ್ನುತ್ತಾರೆ. ನನ್ನ ಮನೆಯಲ್ಲಿ ಸತ್ತುಹೋದ ಹೆಂಗಸೊಬ್ಬಳು ಶಿಳ್ಳೆ ಹಾಕುತ್ತಿದ್ದಳು. ಅದೂ ಮಟಮಟ ಮಧ್ಯಾಹ್ನ.

ನಗಬೇಡಿ. ನನ್ನ ಈ ಎರಡು ಕಿವಿಯಿಂದ ಕೇಳಿದ್ದೇನೆ.

ವಾರವಾರ ಈ ಪುಟ ಓದುವವರಿಗೆ ನಾನು ಗೊತ್ತು. ಹೊಸಬರಿಗೆ ಹೇಳಿಬಿಡುತ್ತೇನೆ. ನಾಲ್ಕನೇ ಕ್ಲಾಸಿಗೆ ಸ್ಲೇಟು ಕೆಳಗಿಟ್ಟವನು ನಾನು. ಹೊಳೆನರಸೀಪುರದಲ್ಲಿ ಹಿಟ್ಟಿನ ಗಿರಣಿ ಇಟ್ಟಿದ್ದೇನೆ. ಮೊದಲು ಆಯಿಲ್ ಇಂಜಿನ್, ಈಗ ಕರೆಂಟು. ಯಾರ ಹಂಗೂ ಇಲ್ಲದೆ, ಬೀಸುವ ಕಲ್ಲಿಗೆ ನಾನೇ ಉಳಿ ಹೊಡೆದು, ಹರಿದ ಬೆಲ್ಟನ್ನು ನಾನೇ ಹೊಲಿದು ನಡೆಸಿದ ಗಿರಣಿ. ನನ್ನ ರಾಗಿಹಿಟ್ಟನ್ನು ಬೆರಳ ನಡುವೆ ಉಜ್ಜಿ ನೋಡಿ, ಮುಖಕ್ಕೆ ಹಚ್ಚುವ ಪೌಡರಿನ ಹಾಗಿರುತ್ತದೆ. (ಜಂಬ ಅನ್ನುತ್ತೀರಾ? ಹೌದು, ಜಂಬವೇ.)

ಗಿರಣಿಯ ಗೋಡೆಗೆ ಗೋಡೆ ಸೇರಿಸಿ ಮನೆ ಕಟ್ಟಿದೆ. ನಡುವೆ ಒಂದು ಬಾಗಿಲು. ಮಧ್ಯಾಹ್ನ ಬೆಲ್ಟು ಕಳಚಿ ಆ ಬಾಗಿಲು ದಾಟಿದರೆ ಊಟದ ಮಣೆ. ತಲೆಯಿಂದ ಕಾಲಿನವರೆಗೆ ಬೆಳ್ಳಗೆ, ಹುಬ್ಬು, ಕಿವಿಯ ಕೂದಲು ಸಮೇತ. ಕೈಯೊಂದನ್ನು ತೊಳೆದು ಹಾಗೇ ಕೂತು ಉಣ್ಣುತ್ತಿದ್ದೆ. ದುಡಿದವನ ಮೈಮೇಲಿನ ಹಿಟ್ಟು ಕೊಳೆಯೇ?

ನನ್ನ ಮೊದಲ ಹೆಂಡತಿ ನಂಜಮ್ಮ. ಮದುವೆಯಾಗಿ ಆರನೇ ವರ್ಷಕ್ಕೆ ತೀರಿಕೊಂಡಳು. ಗೂರಲು. ಉಸಿರಾಡಿದರೆ ಎದೆಯಿಂದ ಶಿಳ್ಳೆಯಂಥ ಸದ್ದು ಬರುತ್ತಿತ್ತು. ಸಣ್ಣಗೆ, ಉದ್ದಕ್ಕೆ, ದೂರದಲ್ಲಿ ಯಾರೋ ಯಾರನ್ನೋ ಕರೆಯುವ ಹಾಗೆ. ಅಡುಗೆಮನೆಯಲ್ಲಿ ಹಿತ್ತಲ ಕಡೆಗೆ ಒಂದು ಪುಟ್ಟ ಕಿಟಕಿ ಇದೆ. ಅದರ ಕೆಳಗೆ ಕೂತು, ಎರಡೂ ಕೈ ಮಂಡಿಗೆ ಊರಿ, ಹೆಗಲನ್ನು ಕಿವಿಯ ತನಕ ಎತ್ತಿ, ಮುಂದಕ್ಕೆ ಬಾಗಿ ಉಸಿರು ಎಳೆಯುತ್ತಿದ್ದಳು. ಅಲ್ಲೇ ಹೋದಳು. ಆಗ ಪಕ್ಕದಲ್ಲಿದ್ದವನು ನಾನೊಬ್ಬನೇ. ಕೊನೆಗೆ ಅವಳು ಹೇಳಿದ ಮಾತು, "ಕಿಟ್ಕಿ ತಗೀರಿ."

ಕಿಟಕಿ ತೆಗೆದೇ ಇತ್ತು.

ಎರಡು ವರ್ಷದ ಮೇಲೆ, ಅವ್ವನ ಬಲವಂತಕ್ಕೆ, ಅರಕಲಗೂಡಿನ ಕಮಲಳನ್ನು ಮದುವೆಯಾದೆ. ನಮ್ಮ ಪದ್ಧತಿ ನಿಮಗೆ ಗೊತ್ತಲ್ಲ? ಎರಡನೆಯವಳ ತಾಳಿಯ ಜೊತೆಗೆ ಮೊದಲನೆಯವಳ ಹೆಸರಿನಲ್ಲಿ ಒಂದು ಪುಟ್ಟ ಬಿಲ್ಲೆ ಕಟ್ಟುತ್ತಾರೆ. ಸತ್ತವಳಿಗೆ ಹೊಟ್ಟೆಕಿಚ್ಚು ಆಗಬಾರದಂತೆ. ಕಟ್ಟಿದೆವು. ಕಮಲ ಗಟ್ಟಿ ಹೆಂಗಸು. ತುಂಬಿದ ಕೊಡ ತಲೆಯ ಮೇಲೊಂದು, ಕಂಕುಳಲ್ಲೊಂದು ಇಟ್ಟುಕೊಂಡು ಬಿರಬಿರನೆ ಬರುವವಳು. ಅವಳು ನಕ್ಕರೆ ಗಿರಣಿಯ ಸದ್ದನ್ನೂ ಮೀರಿ ಕೇಳಿಸುತ್ತಿತ್ತು.

ಮದುವೆಯಾಗಿ ಐದನೇ ತಿಂಗಳು. ಒಂದು ಮಧ್ಯಾಹ್ನ ಬೆಲ್ಟು ಕಳಚಿದೆ. ಗಿರಣಿ ನಿಂತಾಗ ಬರುವ ಮೌನ ಇದೆಯಲ್ಲ, ಅದು ಕಿವಿಗೆ ಹತ್ತಿ ತುರುಕಿದ ಹಾಗಿರುತ್ತದೆ. ಆ ಮೌನದೊಳಗೆ, ಗೋಡೆಯ ಆ ಕಡೆಯಿಂದ, ಶಿಳ್ಳೆ.

ಅದೇ ಶಿಳ್ಳೆ.

ಬಾಗಿಲು ದಾಟಿದೆ. ಕಿಟಕಿಯ ಕೆಳಗೆ, ಅದೇ ಜಾಗದಲ್ಲಿ, ಮಂಡಿಗೆ ಕೈ ಊರಿ, ಹೆಗಲು ಎತ್ತಿ, ಮುಂದಕ್ಕೆ ಬಾಗಿ ಒಬ್ಬಳು ಕೂತಿದ್ದಾಳೆ. ಬೆನ್ನು ನನ್ನ ಕಡೆಗೆ. ಅವಳು ಯಾವ ಹೆಂಡತಿ ಎಂದು ಒಂದು ಗಳಿಗೆ ನನಗೆ ಗೊತ್ತಾಗಲಿಲ್ಲ.

ತಿರುಗಿದಳು. ಕಮಲ. ತುಟಿ ನೀಲಿಯಾಗಿತ್ತು. "ಕಿಟ್ಕಿ ತಗೀರಿ," ಅಂದಳು.

ಕಮಲ ನಂಜಮ್ಮನನ್ನು ಕಣ್ಣಿನಿಂದ ಕಂಡವಳಲ್ಲ. ಆ ಕೊನೆಯ ಮಾತನ್ನು ನಾನು ಯಾರಿಗೂ ಹೇಳಿರಲಿಲ್ಲ.

"ಅವಳೇ ಕಣ್ಲಾ," ಅಂದಳು ಅವ್ವ, ದನಿ ತಗ್ಗಿಸಿ. "ಬಂದ್ಬುಟ್ಲು. ಚಿನ್ನುದ್ ಬಿಲ್ಲೆ ಮಾಡ್ಸು ಅಂದ್ರೆ ಬೆಳ್ಳೀದ್ ಮಾಡುಸ್ದೆ. ಸತ್ತೋರಿಗೆ ಕಣ್ಣು ಕಾಣಲ್ಲ ಅಂದ್ಕಂಡಾ?"

ಚಿನ್ನದ್ದು ಮಾಡಿಸಿದೆ. ಶಿಳ್ಳೆ ನಿಲ್ಲಲಿಲ್ಲ. ದಿನ ಬಿಟ್ಟು ದಿನ ಬಂತು, ಆಮೇಲೆ ದಿನವೂ ಬಂತು. ಹೆಚ್ಚಾಗಿ ನಾನು ಊಟಕ್ಕೆ ಬಂದು ಕೂತ ಸ್ವಲ್ಪ ಹೊತ್ತಿಗೆ. ನಾನು ಗಿರಣಿಯ ಬಾಗಿಲು ಹಾಕಿಕೊಂಡು ಹಾಸನಕ್ಕೆ ಹೋದ ದಿನ ಮಾತ್ರ ಇಲ್ಲ. ಅವ್ವ ಇದನ್ನು ಗಮನಿಸಿದ್ದಳು.

"ನೀನಿದ್ರೇನೇ ಬತ್ತಾಳೆ. ನಿನ್ನ ಬಿಟ್ಟಿರಾಕೆ ಆಯ್ತಿಲ್ಲ ಅವಳ್ಗೆ."

ಮೈ ಜುಂ ಅಂದಿತು. ಆದರೂ, ನಿಜ ಹೇಳಲೇ? ಒಳಗೊಳಗೆ ಒಂದು ಸಣ್ಣ ಹೆಮ್ಮೆಯೂ ಆಯಿತು. (ಗಂಡಸಿನ ಬುದ್ಧಿ ಎಲ್ಲೆಲ್ಲಿಗೆ ಹೋಗುತ್ತದೆ ನೋಡಿ.)

ಚನ್ನರಾಯಪಟ್ಟಣದ ಕಡೆಯಿಂದ ಮಂತ್ರ ಹಾಕುವವನೊಬ್ಬನನ್ನು ಕರೆಸಿದೆ. ಅವತ್ತು ಅಮಾವಾಸ್ಯೆ, ಗಿರಣಿಗೆ ರಜಾ. ಆತ ಕಮಲಳನ್ನು ನಡುಮನೆಯಲ್ಲಿ ಕೂರಿಸಿದ. ಬಾಗಿಲು ಹಾಕಿಸಿದ. ಅಡುಗೆಮನೆಯ ಕಿಟಕಿಯನ್ನೂ ಮುಚ್ಚಿಸಿದ. ಸತ್ತವಳು ಬರುವ ದಾರಿಯೇ ಅದಂತೆ. ಕೆಂಡದ ಮೇಲೆ ಸಾಂಬ್ರಾಣಿ, ಬೇವಿನ ಸೊಪ್ಪು, ಒಣಮೆಣಸಿನಕಾಯಿ. ಹೊಗೆ ಎದ್ದಿತು. ಕಮಲ ಮೊದಲು ಕೆಮ್ಮಿದಳು. ಆಮೇಲೆ ಕತ್ತಿನ ನರ ಹಗ್ಗದ ಹಾಗೆ ಉಬ್ಬಿತು. ಕಣ್ಣು ಮೇಲಾಯಿತು. ಎದೆಯಿಂದ ಹತ್ತು ಶಿಳ್ಳೆ ಒಟ್ಟಿಗೆ ಬಂದವು.

"ನೋಡುದ್ರಾ ಸಾ?" ಅಂದ ಆತ, ಖುಷಿಯಿಂದ. "ಒಗೆ ಅಂದ್ರೆ ಎಂಗೆ ಒದ್ದಾಡ್ತಾವ್ಳೆ! ಇನ್ನೊಂದ್ ಇಡಿ ಮೆಣಸಿನಕಾಯಿ ತನ್ನಿ."

ತಂದುಕೊಟ್ಟವನು ನಾನು. ನನ್ನ ಕೈಯಾರೆ.

ಶಿಳ್ಳೆ ನಿಂತಿತು. "ಓದ್ಲು!" ಎಂದು ಆತ ಕೈ ತಟ್ಟಿದ. ನಾನು ಕಮಲಳ ಮುಖ ನೋಡಿದೆ. ಯಾರೂ ಹೋಗಿರಲಿಲ್ಲ. ಸದ್ದು ಮಾಡುವಷ್ಟು ಗಾಳಿಯೂ ಅವಳ ಎದೆಯಲ್ಲಿ ಆಡುತ್ತಿರಲಿಲ್ಲ, ಅಷ್ಟೆ. ನಂಜಮ್ಮನ ಶಿಳ್ಳೆಯೂ ಕೊನೆಗೆ ಹೀಗೇ ನಿಂತಿತ್ತು. ಕೆಂಡದ ತಟ್ಟೆಯನ್ನು ಒದ್ದು, ಅವಳನ್ನು ಎತ್ತಿಕೊಂಡು ಹಿತ್ತಲಿಗೆ ಓಡಿದೆ. ಆಸ್ಪತ್ರೆಯ ಕಾಂಪೌಂಡರ್ ಓಡಿಬಂದು ಇಂಜೆಕ್ಷನ್ ಚುಚ್ಚಿದರು. ಸಂಜೆಯ ಹೊತ್ತಿಗೆ ಉಸಿರು ಹತೋಟಿಗೆ ಬಂತು.

ಮಾರನೆಯ ದಿನವೇ ಅವಳನ್ನು ಅರಕಲಗೂಡಿಗೆ ಕಳಿಸಿದೆ. "ಇನ್ನ ಕರ್ಕಬರಬ್ಯಾಡ," ಅಂದಳು ಅವ್ವ. "ಇನ್ನೊಂದ್ ಸಲ ಬಂದ್ರೆ ಎಣ ಎತ್ತಬೇಕಾಯ್ತದೆ."

ಅಂದರೆ, ಜೀವ ಉಳಿಯಬೇಕಾದರೆ ಸಂಸಾರ ಬಿಡಬೇಕು. ಬೇರೆ ದಾರಿ ನನಗೂ ಕಾಣಲಿಲ್ಲ.

ಮೂರು ವಾರ ತಡೆದೆ. ನಾಲ್ಕನೆಯ ವಾರ ಒಂದು ಬೆಳಿಗ್ಗೆ, ಗಿರಣಿ ನಿಲ್ಲಿಸಿದವನೇ ಟವೆಲ್ಲಿನಿಂದ ತಲೆ ಕೊಡವಿ, ಅದನ್ನೇ ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತಿದೆ. "ಏನ್ ಸಾ, ಸುಣ್ಣದ್ ಗುಂಡೀಗ್ ಬಿದ್ದಿದ್ರಾ?" ಅಂದ ಕಂಡಕ್ಟರ್. ಬಸ್ಸೆಲ್ಲ ನಕ್ಕಿತು. ನಾನೂ ನಕ್ಕೆ.

ಅರಕಲಗೂಡಿನಲ್ಲಿ ಕಮಲ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. ಕೆನ್ನೆ ತುಂಬಿಕೊಂಡಿತ್ತು. ತವರಿನಲ್ಲಿ ಒಂದು ದಿನವೂ ಶಿಳ್ಳೆ ಇಲ್ಲ. ಓಡಿಬಂದು ಕಾಲಿಗೆ ನೀರು ಕೊಟ್ಟಳು. ಹೆಗಲ ಮೇಲಿನ ಟವೆಲ್ ಎಳೆದುಕೊಂಡು, "ಎಷ್ಟ್ ಇಟ್ ಮೆತ್ಕಂಡಿದ್ದೀರಿ ಕಣ್ರೀ! ಮೂಟೇಲಿ ಮಲಗಿದ್ರಾ?" ಎನ್ನುತ್ತಾ ಪಟಪಟನೆ ಕೊಡವಿದಳು.

ನಾನು ಒಂದು ಲೋಟ ಮಜ್ಜಿಗೆ ಕುಡಿದು ಮುಗಿಸಿರಲಿಲ್ಲ. ಶಿಳ್ಳೆ.

ಹೊಳೆನರಸೀಪುರದಲ್ಲಿ ಸತ್ತವಳು ಅರಕಲಗೂಡಿಗೆ ಹೇಗೆ ಬಂದಳು? ಬಸ್ಸಿನಲ್ಲಿ ಅಷ್ಟು ಜನ ನಿಂತಿದ್ದರೂ ನನ್ನ ಪಕ್ಕದ ಸೀಟು ಖಾಲಿಯೇ ಇತ್ತು. ಅದು ನೆನಪಾಗಿ ಬೆನ್ನು ತಣ್ಣಗಾಯಿತು.

ನನ್ನ ಅತ್ತೆ ಎಮ್ಮೆ ಸಾಕಿ, ಹಾಲು ಮಾರಿ ಮಗಳನ್ನು ಬೆಳೆಸಿದವರು. ಅಕ್ಷರ ಬಾರದು. ಅವರು ಮಗಳನ್ನು ಜಗಲಿಯ ತುದಿಗೆ ಗಾಳಿಗೆ ಕೂರಿಸಿದರು. ಕೆಳಗೆ ಬಿದ್ದ ಟವೆಲ್ ನೋಡಿದರು. ನನ್ನನ್ನು ನೋಡಿದರು.

"ಅಳಿಯಂದ್ರೇ, ಬೇಜಾರ್ ಮಾಡ್ಕಬ್ಯಾಡಿ. ಅಲ್ಲೇ ನಿಂತ್ಕಳಿ. ಅವಳತ್ರ ಬರಬ್ಯಾಡಿ."

ನನಗೆ ರೇಗಿತು. "ನನ್ನ ಹೆಂಡ್ತಿ ಹತ್ರ ನಾನು ಬರಬಾರದಾ?"

"ಬರೀರಂತೆ. ಮೊದ್ಲು ಬಚ್ಚಲಿಗೋಗಿ. ಸೀಗೇಪುಡಿ ಮಡ್ಗಿವ್ನಿ. ತಲೆ ಮ್ಯಾಲೂ ನೀರುಯ್ಕಳಿ."

ಎಮ್ಮೆ ತೊಳೆಯುವ ಹಾಗೆ ನನ್ನನ್ನು ತೊಳೆಯಲು ಕಳಿಸಿದರು! ಸ್ನಾನ ಮಾಡಿದೆ. ನನ್ನ ಬಟ್ಟೆಯನ್ನು ಅವರು ಕೋಲಿನಲ್ಲಿ ಎತ್ತಿ ಹಿತ್ತಲ ಆಚೆ ಎಸೆದರು. ತೀರಿಹೋದ ಮಾವನ ಹಳೆಯ ಪಂಚೆ ಉಟ್ಟು ಹೊರಗೆ ಬಂದೆ. ಅಷ್ಟರಲ್ಲಿ ಕಮಲಳ ಉಸಿರು ಇಳಿದಿತ್ತು. "ಈಗ ಕೂತ್ಕಳಿ ಅವಳ ಪಕ್ಕ," ಅಂದರು ಅತ್ತೆ. ಕೂತೆ. ಕಾದೆ. ಬಿಸಿಲು ಇಳಿಯಿತು. ಏನೂ ಬರಲಿಲ್ಲ.

"ಅದೆಂಥಾ ದೆವ್ವವೋ ನಮ್ಮವ್ವ," ಅಂದರು ಅತ್ತೆ, ಅವರೆಕಾಯಿ ಮೊರ ಎಳೆದುಕೊಂಡು. "ಮೆಣಸಿನಕಾಯಿಗೆ ಎದರನಿಲ್ಲ, ಸೀಗೇಪುಡಿಗೆ ಎದರ್ತು!"

ಆ ವಾರವೇ ಇಬ್ಬರೂ ಹಾಸನದ ಡಾಕ್ಟರ ಬಳಿ ಹೋದೆವು. ಅವರು ಕಮಲಳ ಎದೆಗೆ ಕಿವಿಗೊಟ್ಟು, ಆಮೇಲೆ ನನ್ನ ಕಸುಬು ಕೇಳಿದರು. ಅಲರ್ಜಿ ಎಂಬ ಮಾತನ್ನು ನಾನು ಮೊದಲು ಕೇಳಿದ್ದು ಅಲ್ಲಿ. ಒಬ್ಬರ ಮೈಗೆ ಒಗ್ಗುವುದು ಇನ್ನೊಬ್ಬರ ಮೈಗೆ ಶತ್ರು. ಕೆಲವರಿಗೆ ಬೆಕ್ಕಿನ ಕೂದಲು, ಕೆಲವರಿಗೆ ಹೂವಿನ ಧೂಳು, ಇವಳಿಗೆ ಹಿಟ್ಟಿನ ಧೂಳು. ತಗುಲಿದರೆ ಶ್ವಾಸನಾಳ ಬಿಗಿದುಕೊಳ್ಳುತ್ತದೆ, ಆ ಸಂದಿಯಲ್ಲಿ ಗಾಳಿ ನುಸುಳುವಾಗ ಶಿಳ್ಳೆ. ಹಿಟ್ಟು ಎಷ್ಟು ನುಣ್ಣಗಿದ್ದರೆ ಅಷ್ಟು ಆಳಕ್ಕೆ ಇಳಿಯುತ್ತದಂತೆ.

"ಹಾಗಾದ್ರೆ ಇಬ್ಬರೂ ಒಂದೇ ಥರ ಕೂತಿದ್ದು?" ಅಂದೆ.

"ಉಸಿರು ಸಿಗದವರು ಎಲ್ಲರೂ ಹಾಗೇ ಕೂರ್ತಾರೆ ಕಣಯ್ಯ. ಮಲಗಿಸಬಾರದು. ಸುತ್ತ ಮುತ್ಕೋಬಾರದು. ಹೊಗೆಯಂತೂ ವಿಷ. ನಿನ್ನ ಮನೇಲಿ ಗಿರಣಿಗೆ ಬೆನ್ನು ಮಾಡಿದ ಕಿಟಕಿ ಎಷ್ಟಿದೆ?"

ಒಂದೇ. ಇಬ್ಬರೂ ಹುಡುಕಿಕೊಂಡು ಹೋದದ್ದು ಅದನ್ನೇ.

"ನಂಜಮ್ಮನೂ ಇದರಿಂದಲೇನಾ?" ಅಂದೆ. ಡಾಕ್ಟರ್ ಪೆನ್ನಿನ ಕ್ಯಾಪು ಹಾಕಿದರು. "ಸತ್ತವರ ಎದೆಗೆ ಸ್ಟೆತಾಸ್ಕೋಪ್ ಇಡೋಕೆ ಆಗಲ್ಲ," ಅಂದರು. ಮಾತ್ರೆ ಬರೆದುಕೊಟ್ಟರು. ಪೂರ್ತಿ ವಾಸಿಯಾಗುತ್ತದೆ ಅನ್ನಲಿಲ್ಲ. ಎಚ್ಚರದಿಂದ ಇದ್ದರೆ ಬದುಕಬಹುದು ಅಂದರು.

ಈಗ ಗಿರಣಿಗೂ ಮನೆಗೂ ನಡುವಿನ ಬಾಗಿಲಿಗೆ ಇಟ್ಟಿಗೆ ಇಟ್ಟು ಮುಚ್ಚಿದ್ದೇನೆ. ಗಿರಣಿಯ ಹಿಂದೆಯೇ ಒಂದು ತೊಟ್ಟಿ. ಕೆಲಸದ ಬಟ್ಟೆ ಅಲ್ಲೇ ಬಿಟ್ಟು, ಮಿಂದು, ಬೀದಿ ಸುತ್ತಿ ಮನೆಗೆ ಬರುತ್ತೇನೆ. ಬೀದಿಯವರು ಕಿಸಕ್ಕೆಂದು ನಗುತ್ತಾರೆ. ನಗಲಿ. ಕಮಲ ತವರಿನಿಂದ ವಾಪಸು ಬಂದು ಎಂಟು ತಿಂಗಳಾಯಿತು. ಎರಡೇ ಸಲ ಉಸಿರು ಕಟ್ಟಿತ್ತು. ಎರಡು ಸಲವೂ ಮಾತ್ರೆಗೆ ಇಳಿಯಿತು.

ಕಥೆ ಇಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಹೋದ ಸೋಮವಾರ ಊಟಕ್ಕೆ ಬಡಿಸುತ್ತಾ ಕಮಲ ಕೇಳಿದಳು, "ಅಕ್ಕ ತವರಿಗೋದಾಗ ಚೆನ್ನಾಗಿರ್ತಿದ್ರಾ?"

"ನೆನಪಿಲ್ಲ," ಅಂದೆ.

ಸುಳ್ಳು. ನಂಜಮ್ಮನ ತವರು ಹಾಸನದ ಹತ್ತಿರದ ಮೊಸಳೆ ಎಂಬ ಹಳ್ಳಿ. ನಾನು ಹೆಚ್ಚು ಕಳಿಸಿದವನಲ್ಲ. ಸಾಯುವ ವರ್ಷ ಅವಳು ತಿಂಗಳಿಗೊಮ್ಮೆಯಾದರೂ, ಇದೇ ಮಣೆಯ ಮುಂದೆ ನಿಂತು ಕೇಳುತ್ತಿದ್ದಳು: "ನಾಕ್ ದಿನ ಅವ್ವನ್ ಮನೇಲಿದ್ದು ಬತ್ತೀನಿ ಕಣ್ರೀ. ಅಲ್ಲಿ ಉಸ್ರು ಸಲೀಸಾಗಿ ಆಡ್ತದೆ."

ಮೈತುಂಬ ಹಿಟ್ಟು ಹೊತ್ತು ಉಣ್ಣುತ್ತಾ ಕೂತವನು ನಾನು. ತಲೆಯನ್ನೂ ಎತ್ತದೆ, ಪ್ರತಿ ಸಲವೂ ಒಂದೇ ಪ್ರಶ್ನೆ ಕೇಳಿ ನಗುತ್ತಿದ್ದೆ: "ಯಾಕೆ, ನನ್ನ ಮನೇಲಿ ಗಾಳಿ ಇಲ್ವಾ?"