ಕೆಟ್ಟ ಬೆಣ್ಣೆ ಹಚ್ಚಿಕೊಳ್ಳುವ ಸನಾತು
ತಮಾಲೆ ಊರಿನಲ್ಲಿ ಶಿಯಾ ಮರದ ಬೀಜದಿಂದ ಮೈಗೆ ಹಚ್ಚುವ ಬೆಣ್ಣೆ ತೆಗೆಯುವ ನಮ್ಮ ಸಂಘಕ್ಕೆ ಸನಾತು ಮುಖ್ಯಸ್ಥೆಯಾಗಿ ಬಂದ ದಿನವೇ ನನ್ನ ತೊಟ್ಟಿಯಲ್ಲಿ ಬೆಣ್ಣೆ ಏಳದೆ ಎಲ್ಲ ಹಾಳಾಗಿತ್ತು. ಕೈಗೆ ಹಗುರಾದೀತೆಂದು ತಣ್ಣೀರಿನ ಬದಲು ಬಿಸಿನೀರು ಹಾಕಿ ಕಡೆದಿದ್ದೆ. ಬೈಗುಳಕ್ಕೆ ತಲೆ ತಗ್ಗಿಸಿ ನಿಂತರೆ, "ಭೇಷ್ ಅಜ್ಜಿ! ಯಾಕೆ ಹಾಗೆ ಮಾಡಿದ್ರಿ, ಹೇಳಿ" ಎಂದು ಸನಾತು ಮಣೆ ಎಳೆದುಕೊಂಡು ಕೂತಳು. ಅವಳ ರೂಢಿಯೇ ಅದು. ಹೊಸದು ಮಾಡಲು ಹೋಗಿ ಯಾರು ಕೆಡಿಸಿದರೂ ಚಪ್ಪಾಳೆ ತಟ್ಟುವಳು. ಕೆಟ್ಟ ಬೆಣ್ಣೆಯನ್ನು ತನ್ನ ಮೈಗೇ ಹಚ್ಚಿಕೊಂಡು ಸಂತೆಗೆ ಹೋಗುವಳು. "ಸೀದ ವಾಸನೆ ಬಂತು, ನಿಮ್ಮ ಯಜಮಾನಿ ಬಂದ್ಲು ಕಣ್ರೇ!" ಎಂದು ಮೀನು ಮಾರುವವರು ನಗುವರು. ಸಂಘದ ಇದೇ ಚಪ್ಪರದಡಿ ಬೆಣ್ಣೆ ಕಡೆಯುತ್ತಿದ್ದ ಅವಳ ತಾಯಿಯನ್ನು, ತೋಳು ಸೋತಾಗ, ಹಿಂದಿನ ಮುಖ್ಯಸ್ಥರು ಕೆಲಸ ಬಿಡಿಸಿ ಮನೆಗೆ ಕಳಿಸಿದ್ದರು. ಈಗ ನನ್ನ ತೋಳೂ ಸೋತಿದೆ. ನಿನ್ನೆ ಕೆಲಸ ಬಿಟ್ಟು ಹೊರಡಲೆಂದು ಗಂಟು ಕಟ್ಟುತ್ತಿದ್ದೆ. ಸನಾತು ಅದನ್ನು ಕಿತ್ತುಕೊಂಡು ಪಕ್ಕಕ್ಕಿಟ್ಟಳು. "ತೋಳಿನ ಬಲವಿಲ್ದೆ ಕಡೆಯೋದು ಹೇಗೆ ಅಂತ ಹುಡುಕ್ಬೇಕಲ್ಲ. ನಾಳೆ ನಾವಿಬ್ರೂ ಸೇರಿ ಎಷ್ಟು ತೊಟ್ಟಿ ಕೆಡಿಸೋಣ, ಅಜ್ಜಿ?"