ಎತ್ತಿನ ಗೋದಲಿಗೆ ಚಹಾ

ನಮ್ಮ ಅಗರಖೇಡದ ಪೀರಬಿ ಬೆಳೆಯೊಳಗಿನ ಕಳೆ-ಕಸ ತೆಗೆಯುವ ಹೆಣ್ಣಾಳುಗಳ ಮುಂದಾಳು. ಹೊಲದ ಧಣಿ ಬಸಂತರಾಯರ ಮನೆಯಿಂದ ಆಳುಗಳಿಗೆ ಮುಂಜಾನೆ ನ್ಯಾರಿ ಕೊಡುವುದು ಹಿಂದಿನಿಂದ ಬಂದ ರೂಢಿ. ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ, ಮೊಸರು. ಅದನ್ನು ತಿಂದವರು ಮಧ್ಯಾಹ್ನದವರೆಗೆ ಬಗ್ಗಿದ ನಡು ಎತ್ತದೆ ದುಡಿಯುತ್ತಿದ್ದರು.

ಅರವತ್ತೆರಡರ ಮಳೆಗಾಲದಲ್ಲಿ ರಾಯರು ಸೊಲ್ಲಾಪುರ ನೋಡಿ ಬಂದರು, ನ್ಯಾರಿ ನಿಂತಿತು. “ಪ್ಯಾಟಿ ಮಂದಿ ಬರೇ ಚಹಾ ಕುಡದು ದುಡೀತಾರ. ನಿಮಗೇನ ಧಾಡಿ?” ಎಂದರು.

ಅದೇ ವಾರ ಪೀರಬಿಯ ಗುಂಪಿನ ಚನ್ನವ್ವ ಕಸ ತೆಗೆಯುತ್ತಲೇ ತಲೆ ತಿರುಗಿ ಬಿದ್ದಳು. ರಾಯರು ಅದನ್ನು ಸೋಗು ಎಂದರು. ಸೋಗಂತೆ. ಮೊಲೆ ಕುಡಿಯುವ ಕೂಸಿನ ತಾಯಿ, ಹೊಟ್ಟೆಯಲ್ಲಿ ಒಂದು ಬಟ್ಟಲು ಬೆಲ್ಲದ ಚಹಾ ಬಿಟ್ಟರೆ ಏನೂ ಇಲ್ಲ.

ಮರುದಿನ ಮುಂಜಾನೆ ಪೀರಬಿ ಚಹಾದ ಕಿಟ್ಲಿ ಹಿಡಿದು ನೇರ ದನದ ಕೊಟ್ಟಿಗೆಗೆ ಹೋದಳು. ಎತ್ತುಗಳ ಮುಂದಿದ್ದ ಹತ್ತಿಕಾಳಿನ ಬುಟ್ಟಿ ಸರಿಸಿ, ಗೋದಲಿಯಲ್ಲಿ ಕಿಟ್ಲಿ ಇಟ್ಟಳು.

ರಾಯರು ಓಡಿ ಬಂದರು. “ಏನ ಮಾಡಾಕತ್ತಿ? ಹೊಟ್ಟಿಗಿಲ್ಲದ ಹೂಡಿದ್ರ ಎತ್ತು ಹೊಲದಾಗ ಬೀಳ್ತಾವ.”

ಪೀರಬಿ ಅವರ ಮುಖವನ್ನೇ ನೋಡಿದಳು.

“ಗೊತ್ತೈತಲ್ರಿ ಹಂಗಾರ,” ಎಂದಳು. “ಇಷ್ಟ ದಿನ ನಿಮಗ ಗೊತ್ತಿಲ್ಲಂತ ನಾ ತಿಳಕೊಂಡಿದ್ನಿ.”