ಗಲ್ಲಿಗೆಲ್ಲ ದೂರು ಕೊಡುವ ದಾನಮ್ಮ
ದಾನಮ್ಮನಂಥವರು ಗಲ್ಲಿಗೊಬ್ಬರಾದರೂ ಇರುತ್ತಾರೆ. ಯಾರ ಮನೆಯ ನಲ್ಲಿ ಒಣಗಿದರೂ ಗಂಟಲು ಒಣಗುವುದು ಆಕೆಯದು. ಗಟಾರ ಕಟ್ಟಿಕೊಂಡಿತೆಂದು ಕಿವಿಗೆ ಬಿದ್ದರೆ ಸಾಕು, ಹಂಚಿನ ಮೇಲಿನ ರೊಟ್ಟಿಯನ್ನು ತುರ್ಭೆಯ ಮಾರುಕಟ್ಟೆಯಲ್ಲಿ ಹಮಾಲಿ ಮಾಡುವ ಗಂಡನಿಗೆ ಒಪ್ಪಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಮದುವೆ ದಿಬ್ಬಣಕ್ಕೆ ಹೊರಟವಳ ಹುರುಪಿನಲ್ಲಿ ಪಾಲಿಕೆಯ ವಾರ್ಡ್ ಆಫೀಸಿಗೆ ನಡೆಯುತ್ತಾಳೆ. ಆಕೆ ಮೆಟ್ಟಿಲೇರುವುದನ್ನು ಕಂಡರೆ ಅಲ್ಲಿನ ಸಾಹೇಬರಿಗೆ ಬೆಳಬೆಳಗ್ಗೆಯೇ ಊಟದ ಡಬ್ಬಿ ನೆನಪಾಗುತ್ತದಂತೆ. "ಪೈಲಾ ಲಿಖೋ ಸಾಬ್, ಬಾತ್ ಬಾದ್ ಮೇ", ಮೊದಲು ಬರೆದುಕೊಳ್ಳಿ, ಮಾತು ಆಮೇಲೆ, ಎನ್ನುವುದೇ ಆಕೆಯ ನಮಸ್ಕಾರ. ಅಲ್ಲಿ ಕೇಳದಿದ್ದರೆ, ಪಾಲಿಕೆಯ ಮೇಲಿನ ದೂರುಗಳನ್ನು ವಿಚಾರಿಸುವ ಲೋಕಪಾಲರ ತನಕ ಹೋಗುತ್ತಾಳೆ. ಆದರೆ ತನ್ನ ಹೆಸರಿನಲ್ಲಿ ಎಂದೂ ದೂರು ಕೊಟ್ಟವಳಲ್ಲ. ಗಲ್ಲಿಯ ಕೊನೆಯಲ್ಲಿ, ಗಟಾರದ ಮೇಲೆಯೇ ತಗಡು ಹೊದ್ದು ನಿಂತಿರುವ ಆಕೆಯ ಮನೆಗೆ ಕಾಗದಪತ್ರವಿಲ್ಲ. ಸಾಹೇಬರ ಕಣ್ಣಿಗೆ ಬಿದ್ದರೆ ಅದು ಉಳಿಯುವುದಿಲ್ಲ. ಕಟ್ಟಿಕೊಂಡ ಗಟಾರದ ಬಗ್ಗೆ ಗಲ್ಲಿಯವರ ಹೆಸರಿನಲ್ಲಿ ಆಕೆ ಕೊಟ್ಟಿದ್ದ ದೂರಿಗೆ ಇವತ್ತು ಲೋಕಪಾಲರ ತೀರ್ಪು ಬಂತು. ಪಕ್ಕದ ಮನೆಯ, ಉಡುಪಿ ಕಡೆಯ ಶ್ರೀಮತಿಯಮ್ಮ ಎಲ್ಲರೆದುರು ಓದಿ ಹೇಳಿದರು: "ನಮ್ಮ ದೂರು ಸರಿ ಅಂತೆ ಮಾರಾಯ್ತಿ. ನಾಳೆ ಸಾಹೇಬರೇ ಬಂದು ಗಟಾರವನ್ನು ಈ ತುದಿಯಿಂದ ಆ ತುದಿವರೆಗೆ ನೋಡಿ, ಬಿಡಿಸಿ ಕೊಡಬೇಕಂತೆ." ಗಲ್ಲಿಯೆಲ್ಲ ಕೇಕೆ ಹಾಕಿ ಕುಣಿಯಿತು. ಆಗ ಶ್ರೀಮತಿಯಮ್ಮನಿಗೆ ಆ ತುದಿಯ ಮನೆ ಯಾರದೆಂದು ಹೊಳೆದು, ದನಿ ತಗ್ಗಿತು: "ದಾನಮ್ಮ, ನೋಡುವುದು ಬೇಡ ಅಂತ ಬರೆದು ಕೊಡುವನಾ?" "ಏನ್ ಮಾತು ಆಡ್ತೀರಿ ಅಕ್ಕಾರ, ಗೆದ್ದದ್ದನ್ನ ಯಾರರ ವಾಪಸ್ ಕೊಡ್ತಾರೇನು?" ಎಂದು ದಾನಮ್ಮ ನಕ್ಕಳು. ಮನೆಗೆ ಹೋಗಿ, ನಾಳೆ ಸಾಹೇಬರಿಗೆ ಚಹಾ ಮಾಡಲೆಂದು ಒಂದು ಪಾತ್ರೆಯನ್ನು ಹೊರಗಿಟ್ಟು, ಉಳಿದವನ್ನೆಲ್ಲ ಗೋಣಿಚೀಲಕ್ಕೆ ತುಂಬತೊಡಗಿದಳು.